ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ಶುರು ಮಾಡಿದ ಮೇಲೆ ನನಗೆ ಮುಟ್ಟು ಕಡಿಮೆಯಾಗಿದೆ, ಛಾಯಾ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆ ತಗೊಳ್ಳುವ ನಾದಿನಿಗೆ ತಡವಾಗುತ್ತಿದೆ. ಕೆಟ್ಟ ರಕ್ತ ಒಳಗೇ ಉಳಿಯುತ್ತೆ ಅಂತ ಅತ್ತೆಗೆ ಅನುಮಾನ. ಉಳಿಯುತ್ತಾ?

ಉಳಿಯೋದಿಲ್ಲ. ಸರ್ಕಾರಿ ಆಸ್ಪತ್ರೆಯ ಕುಟುಂಬ ಯೋಜನೆ ವಿಭಾಗದಲ್ಲಿ ಈ ಮಾತ್ರೆಗಳನ್ನು ಕೊಡುವ ನರ್ಸ್ ನಾನು. ನಿಮ್ಮತ್ತೆಗೆ ಬಂದಿರುವ ಅನುಮಾನ ನಮ್ಮಲ್ಲಿ ಯಾರಾದರೂ ಕೇಳದ ವಾರವೇ ಇಲ್ಲ.

ಮುಟ್ಟಿನಲ್ಲಿ ಹೋಗುವುದು ಗರ್ಭಕೋಶದ ಒಳಪದರ ಮತ್ತು ಅದರ ಜೊತೆಗಿನ ರಕ್ತ. ಮಾಲಾ-ಎನ್ ಆ ಪದರವನ್ನು ದಪ್ಪ ಬೆಳೆಯಲು ಬಿಡುವುದಿಲ್ಲ. ಬೆಳೆದದ್ದೇ ಕಮ್ಮಿ ಎಂದ ಮೇಲೆ ಕಳಚುವುದೂ ಕಮ್ಮಿಯೇ. ರಕ್ತಹೀನತೆ ಇರುವವರಿಗೆ ಇದು ಲಾಭ.

ನಿಮ್ಮ ಮಾತ್ರೆ ಹಾಳೆಯನ್ನು ಒಮ್ಮೆ ನೋಡಿ. 28ರಲ್ಲಿ 21 ಬಿಳಿ, 7 ಕಂದು. ಬಿಳಿಯದರಲ್ಲಿ ಎರಡು ಹಾರ್ಮೋನು: ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿ.ಗ್ರಾಂ. ಕಂದು ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ, ಬರೀ ಕಬ್ಬಿಣಾಂಶ. ಬಿಳಿ ಮುಗಿದು ಎರಡು ಮೂರು ದಿನಕ್ಕೆ ಹಾರ್ಮೋನು ಇಳಿದಾಗ ಸ್ರಾವ ಕಾಣಿಸಿಕೊಳ್ಳುತ್ತದೆ. ಅಂದರೆ ಅದು ಅಂಡ ಬಿಡುಗಡೆಯಾಗಿ ಬರುವ ಸಹಜ ಮುಟ್ಟಲ್ಲ, ಮಾತ್ರೆಯ ಬಿಡುವಿಗೆ ಬರುವ ಸ್ರಾವ. ಸ್ರಾವ ನಿಂತಿರಲಿ ಬಿಡಲಿ, 28 ಮುಗಿದ ಮರುದಿನವೇ ಹೊಸ ಹಾಳೆ ಶುರು ಮಾಡಬೇಕು.

ಆ ಬಿಡುವನ್ನು ಹಿಗ್ಗಿಸಿ ಕುಗ್ಗಿಸಿದರೆ ಸ್ರಾವವೂ ಬದಲಾಗುತ್ತದೆ. 24 ಹಾರ್ಮೋನು, 4 ಖಾಲಿ ಎಂಬ ಲೆಕ್ಕದ ಮಾತ್ರೆಗಳೂ ಇವೆ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಸೀಸನೇಲ್‌ನಲ್ಲಿ 84 ದಿನ ಹಾರ್ಮೋನು, ಆಮೇಲೆ 7 ದಿನ ಬಿಡುವು; ವರ್ಷಕ್ಕೆ ನಾಲ್ಕೇ ಸಲ. ಬಿಡುವೇ ಇಲ್ಲದೆ ನುಂಗುವ ಪದ್ಧತಿಯೂ ಇದೆ. ಆದರೆ ಇಂಥ ಉದ್ದ ಪದ್ಧತಿಗಳಲ್ಲಿ ಮೊದಲ ಕೆಲವು ತಿಂಗಳು ಹೇಳದೆ ಕೇಳದೆ ರಕ್ತದ ಕಲೆ ಕಾಣಿಸುವುದು ಹೆಚ್ಚು. ಹಾಲುಣಿಸುವವರಿಗೆ ಕೊಡುವ ಪ್ರೊಜೆಸ್ಟೊಜೆನ್ (ಲೆವೊನಾರ್ಜೆಸ್ಟ್ರೆಲ್ ಬಗೆಯ ಹಾರ್ಮೋನು) ಒಂದೇ ಇರುವ ಮಾತ್ರೆಯಂತೂ ಯಾವ ಲೆಕ್ಕಕ್ಕೂ ಸಿಗದು: ಒಬ್ಬರಿಗೆ ಪೂರ್ತಿ ನಿಂತರೆ, ಇನ್ನೊಬ್ಬರಿಗೆ ಆಗಾಗ ಚೂರು ಚೂರು.

ಜಾತ್ರೆಗೋ ಮದುವೆಗೋ ಮುಟ್ಟು ಮುಂದೂಡಲು ಅಂಗಡಿಯಿಂದ ತರಿಸುವ ಮಾತ್ರೆ ಬೇರೆ. ಅದನ್ನು ಗರ್ಭನಿರೋಧಕ ಅಂತ ನಂಬಿಕೊಳ್ಳಬೇಡಿ.

ನಾದಿನಿಯ ಛಾಯಾ ಜಾತಿಯೇ ಬೇರೆ. ಅದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ (ಸಿಡಿಆರ್‌ಐ) ಕಂಡುಹಿಡಿದ ಸೆಂಟ್‌ಕ್ರೋಮನ್, ಸ್ಟೆರಾಯ್ಡ್ ಹಾರ್ಮೋನಲ್ಲ. ಮುಟ್ಟಾದ ಮೊದಲ ದಿನ ಶುರು, ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇದರಲ್ಲಿ ಕೆಲವರಿಗೆ ಮುಟ್ಟು ಹಿಂದೆ ಬೀಳುತ್ತದೆ, ಕಡಿಮೆಯೂ ಆಗುತ್ತದೆ, ಅದರಲ್ಲೂ ಶುರುವಿನ ತಿಂಗಳುಗಳಲ್ಲಿ. ನಿರೀಕ್ಷಿಸಿದ ದಿನ ದಾಟಿ 15 ದಿನಕ್ಕಿಂತ ಹೆಚ್ಚಾದರೆ ಮಾತ್ರ ಗರ್ಭ ಪರೀಕ್ಷೆ ಮಾಡಿಸಲಿ. ಅವರಿಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇದ್ದರೆ ಅಥವಾ ಇತ್ತೀಚೆಗೆ ಕಾಮಾಲೆ ಆಗಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕಿತ್ತು. ಹೇಳಿಲ್ಲದಿದ್ದರೆ ಈಗಲಾದರೂ ಹೇಳಲಿ.

ನಮ್ಮಲ್ಲಿ ನಿಜವಾಗಿ ಎಡವಟ್ಟಾಗುವುದು ಬೇರೆ ಕಡೆ. ಮಧ್ಯೆ ಕಲೆ ಕಂಡು ಹೆದರಿ, ಅರ್ಧ ಹಾಳೆಗೇ ಮಾಲಾ-ಎನ್ ನಿಲ್ಲಿಸುತ್ತಾರೆ. ಆಗ ಸ್ರಾವ ಇನ್ನೂ ಹೆಚ್ಚುತ್ತದೆ, ಗರ್ಭವೂ ನಿಲ್ಲಬಹುದು. ಮೊದಲ ಮೂರು ತಿಂಗಳು ಕಲೆ ಸಾಮಾನ್ಯ. ಆಮೇಲೂ ನಿಲ್ಲದಿದ್ದರೆ, ಮಾತ್ರೆ ತಪ್ಪಿಸಿದಿರೋ ಎಂದೇ ನಾನು ಮೊದಲು ಕೇಳುತ್ತೇನೆ. ಎರಡನೆಯದಾಗಿ, ನೀವು ಕ್ಷಯದ ಔಷಧಿ ತಗೊಳ್ತಿದ್ದೀರಾ ಅಂತ. ಅದರಲ್ಲಿರುವ ರಿಫಾಂಪಿಸಿನ್ ಈ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ, ಮಾತ್ರೆ ಇದ್ದೂ ಇಲ್ಲದಂತೆ. ತಡೆಯಲಾರದ ತಲೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಊತ, ಎದೆನೋವು ಬಂದರೆ ಇದನ್ನೆಲ್ಲ ಓದುತ್ತ ಕೂರದೆ ಅಂದೇ ಆಸ್ಪತ್ರೆಗೆ ಬನ್ನಿ.