ಸಂಪಾದಕರ ಉತ್ತರ: ಬೇರೆ ಬಾಲ್ದಿ

ಅಕ್ಕ, ಪತ್ರ ಸಿಕ್ಕಿತು. ಹೆಸ್ರು ಹಾಕ್ಬೇಡಿ ಹೇಳಿದ್ದೀರಿ, ಹಾಕುದಿಲ್ಲ. ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ರು ನರ್ಸ್ ಅಂತ ಇರ್ಲಿ.

ಉಳಿದ ಓದುಗರಿಗೆ ವಿಷಯ ಇಷ್ಟು. 2020ರ ಏಪ್ರಿಲ್‌ನಲ್ಲಿ ಇವರಿಗೆ ಕೋವಿಡ್ ಡ್ಯೂಟಿ, ಎರಡು ಮನೆಗೆ ಸೇರಿ ಒಂದೇ ಬಾವಿ, ಒಂದಿನ ಬೆಳಿಗ್ಗೆ ಡ್ಯೂಟಿ ಮುಗ್ಸಿ ಬರುವಾಗ ಬಾವಿಕಟ್ಟೆಯಲ್ಲಿ ಒಂದು ಹೊಸ ಬಾಲ್ದಿ, ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿತ್ತು, ಪಕ್ಕದ ಮನೆ ಮಾವ ಜಗಲಿಯಿಂದ್ಲೇ "ಅದು ನಿಮ್ಗೆ" ಅಂದ್ರಂತೆ. ಆಮೇಲೆ ಮಗನ ಜೊತೆ ಆಡ್ಲಿಕ್ಕೆ ಯಾರೂ ಬರ್ಲಿಲ್ಲ, ಇವರು ಯಾವಾಗ ಹೋಗ್ತಾರೆ ಯಾವಾಗ ಬರ್ತಾರೆ ಅಂತ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಸಮೇತ ಬಂತು. ಈಗ ಅದೇ ಮಾವ ಬಿಪಿ ನೋಡ್ಲಿಕ್ಕೆ ಕರೀತಾರೆ. "ಮನೆಯವ್ರು ಮರ್ತುಬಿಡು ಅಂತಾರೆ, ನಂದು ಸಣ್ಣ ಮನಸ್ಸಾ?" ಅಂತ ಕೇಳಿದ್ದೀರಿ.

ಅಲ್ಲ ಅಕ್ಕ. ಆಗ ಹೆದರಿಕೆ ಇತ್ತು, ಲಸಿಕೆ ಇರ್ಲಿಲ್ಲ, ಅದನ್ನು ಒಪ್ಪುವ. ಆದ್ರೆ ಬಾಲ್ದಿ ಬೇರೆ ಮಾಡಿದ್ರೆ ಅದು ಮುಳುಗುದು ಅದೇ ನೀರಿಗೆ ಅಲ್ವಾ, ಇದು ಎಂತ ಮುಂಜಾಗ್ರತೆ ಮಾರಾಯ್ರೆ? ಬಾವಿಗೆ ಬೇರೆ ಬಾಲ್ದಿ ಅನ್ನುವ ಬುದ್ಧಿಯನ್ನು ನಮ್ಮೂರಿಗೆ ಕೊರೋನಾ ತಂದದ್ದಲ್ಲ, ಅದು ಅಜ್ಜಂದಿರ ಕಾಲದಿಂದ್ಲೇ ಅಟ್ಟದಲ್ಲಿ ಇತ್ತು, ಆ ವರ್ಷ ಕೆಳಗೆ ಇಳಿಸಿದ್ರು ಅಷ್ಟೆ.

ಮತ್ತೆ ಒಂದು ಉಂಟು. ಅದಕ್ಕಿಂತ ಸ್ವಲ್ಪ ಮೊದ್ಲು, ಮಾರ್ಚ್‌ನಲ್ಲಿ, ಕರ್ನಾಟಕದವ್ರು ತಲಪಾಡಿಯಲ್ಲಿ ಕೇರಳದ ಗಡಿ ಬಂದ್ ಮಾಡಿದ್ರು, ಒಳದಾರಿಗಳಿಗೆ ಮಣ್ಣು ಹಾಕಿದ್ರು, ಕಾಸರಗೋಡಿನವ್ರು ರೋಗ ತರ್ತಾರೆ ಅಂತ ಮಂಗಳೂರಿಗೆ ಬಿಡ್ಲಿಲ್ಲ, ಚಿಕಿತ್ಸೆ ಸಿಗದೆ ಜನ ಸತ್ರು, ಕೇಸು ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯ್ತು. ಆಗ ನಾವೆಲ್ಲ ಎಷ್ಟು ಬೈದ್ವಿ! ನಿಮ್ಮ ಮಾವನೂ ಬೈದಿರ್ಬಹುದು, ಬೈದು ಒಳಗೆ ಹೋಗಿ ಕೆಂಪು ಬಟ್ಟೆ ಹುಡುಕಿರ್ಬಹುದು.

ಕೇರಳಕ್ಕೆ ಇದು ಹೊಸತೂ ಅಲ್ಲ. 2018ರಲ್ಲಿ ಕೋಝಿಕ್ಕೋಡ್ ಕಡೆ ನಿಪಾ ಬಂದಾಗ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸುಗಳನ್ನು ಆಟೋದವ್ರು ಹತ್ತಿಸ್ಲಿಲ್ಲ, ಬಸ್ಸಲ್ಲಿ ಪಕ್ಕ ಕೂರ್ಲಿಲ್ಲ. ರೋಗಿಯನ್ನು ನೋಡಿಕೊಂಡ ಅಲ್ಲಿನ ನರ್ಸ್ ಲಿನಿ ಸತ್ತೇ ಹೋದ್ರು.

ಕಾನೂನಿನ ಬಗ್ಗೆ ಕೇಳಿದ್ರಿ. 2020ರ ಏಪ್ರಿಲ್ 22ಕ್ಕೆ ಬಂದ ಸುಗ್ರೀವಾಜ್ಞೆ 1897ರ ಸಾಂಕ್ರಾಮಿಕ ರೋಗ ಕಾಯ್ದೆಗೆ ತಿದ್ದುಪಡಿ ತಂತು. ಆರೋಗ್ಯ ಸಿಬ್ಬಂದಿಗೆ ಹೊಡೆದ್ರೆ ಮಾತ್ರ ಅಲ್ಲ, ಅವರಿಗೆ ಬದುಕ್ಲಿಕ್ಕೆ, ಕೆಲ್ಸ ಮಾಡ್ಲಿಕ್ಕೆ ತೊಂದ್ರೆ ಆಗುವ ಹಾಗೆ ಕಿರುಕುಳ ಕೊಟ್ರೂ ಅದ್ರಲ್ಲಿ ಅಪರಾಧವೇ, 3 ತಿಂಗಳಿಂದ 5 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ, ಜಾಮೀನು ಸುಲಭದಲ್ಲಿ ಸಿಗುದಿಲ್ಲ. ನರ್ಸು, ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಎಲ್ಲ ಸೇರ್ತಾರೆ. ಆದ್ರೆ ದಿನಾ ಮುಖ ನೋಡುವ ಪಕ್ಕದ ಮನೆಯವರ ಮೇಲೆ ಕಂಪ್ಲೇಂಟ್ ಕೊಡ್ಲಿಕ್ಕೆ ಯಾರು ಠಾಣೆಗೆ ಹೋಗ್ತಾರೆ?

ನಾವೂ ಸಾಚಾ ಅಲ್ಲ. ಚಪ್ಪಾಳೆ ತಟ್ಟಿದ ಫೋಟೋ ನಮ್ಮ ಪತ್ರಿಕೆಯ ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ್ವಿ, ನಿಮ್ಮಂಥವರ ಮನೆಗೆ ಒಬ್ಬ ವರದಿಗಾರನನ್ನೂ ಕಳಿಸ್ಲಿಲ್ಲ, ಕೇಳಿದ್ರೆ ಹೆದರಿಕೆ ಅಂತ ನಾನೇ ಹೇಳ್ತಿದ್ದೆ.

ಬಿಪಿ ನೋಡುದು ಬಿಡುದು ನಿಮ್ಮಿಷ್ಟ. ಹೋಗುದಾದ್ರೆ ಬಾಲ್ದಿಯ ವಿಷ್ಯ ಒಮ್ಮೆ ಎತ್ತಿ, ಪಟ್ಟಿ ಕಟ್ಟಿ ಗಾಳಿ ತುಂಬ್ಸುವ ಮೊದ್ಲಲ್ಲ, ಬಿಪಿ ಏರೀತು, ಆಮೇಲೆ. ಆ ಬಾಲ್ದಿ ಈಗ್ಲೂ ಮನೆಯಲ್ಲಿ ಉಂಟು ಅಂತ ಬರ್ದಿದ್ದೀರಲ್ಲ, ಅದರ ಒಂದು ಫೋಟೋ ಕಳ್ಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.