ಗುಂಡನ ಊಟ ಬಿಡಿ, ಮೊದಲು ಉಸಿರು ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮನೇಲಿ ಮೂರು ವರ್ಷದ ಬಾಲ್ ಪೈಥಾನ್ ಹಾವು ಇದೆ, ಸುತ್ಕೊಂಡ್ರೆ ಥೇಟ್ ಚೆಂಡು, ಅದಕ್ಕೇ ಗುಂಡ ಅಂತ ಹೆಸರಿಟ್ಟಿದ್ದೀವಿ. ಡಿಸೆಂಬರ್ ಶುರುವಿಂದ ಇಲಿ ಮುಟ್ಟೇ ಇಲ್ಲ. ಈಗ ಒಂದು ವಾರದಿಂದ ರಾತ್ರಿ ಟಿಕ್ ಟಿಕ್ ಅಂತ ಸೌಂಡ್ ಬೇರೆ, ಮೂಗಿನ ಹತ್ರ ನೊರೆ ಥರ ಗುಳ್ಳೆ ಬಂದಿದ್ದನ್ನ ಮಗಳು ನೋಡಿದ್ಲಂತೆ. ನಮ್ಮತ್ತೆ ಅರಿಶಿನದ ಹಾಲು ಕುಡಿಸು ಅಂತಾರೆ. ರಿಜಿಸ್ಟ್ರೇಷನ್ ಮಾಡ್ಸಿಲ್ಲ, ಆಸ್ಪತ್ರೆಗೆ ತಗೊಂಡ್ಹೋದ್ರೆ ಕೇಸ್ ಆಗುತ್ತೇನೋ ಅಂತ ಭಯ. ಏನ್ ಮಾಡ್ಲಿ?
— ಒಬ್ಬ ಓದುಗರು, ರಾಜಾಜಿನಗರ

ಉತ್ತರ: ಅಮ್ಮಾ, ನೀವು ಊಟದ ಬಗ್ಗೆ ಮೊದಲು ಬರ್ದಿದ್ದೀರಿ, ನನಗೆ ಭಯ ಆಗಿದ್ದು ಆ ಗುಳ್ಳೆ ಓದಿ. ಬಾಲ್ ಪೈಥಾನ್ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಊಟ ಬಿಡೋದು ಮಾಮೂಲಿ, ಅದ್ರಲ್ಲೂ ಗಂಡು ಹಾವುಗಳು ಬಲು ಹಠಮಾರಿ. ಅಡುಗೆಮನೆ ತಕ್ಕಡಿ ಇದ್ರೆ ವಾರಕ್ಕೊಂದು ಸಲ ತೂಗಿ ಬರ್ದಿಟ್ಕೊಳ್ಳಿ, ತೂಕ ನೂರಕ್ಕೆ ಹತ್ತು ಭಾಗ ಇಳಿದ್ರೆ ಯೋಚನೆ ಮಾಡ್ಬೇಕು, ಇಲ್ಲಾಂದ್ರೆ ಬಿಡಿ.

ಆದ್ರೆ ಉಸಿರಾಡುವಾಗ ಸದ್ದು, ಮೂಗಲ್ಲಿ ನೊರೆ, ಬಾಯಿ ತೆರ್ಕೊಂಡು ಉಸಿರಾಡೋದು, ತಲೆ ಮೇಲಕ್ಕೆತ್ತಿ ಹಂಗೇ ಕೂರೋದು, ಇವೆಲ್ಲ ಶ್ವಾಸಕೋಶದ ಸೋಂಕಿನ ಲಕ್ಷಣ. ಹಾವಿಗೆ ನಮ್ಮಂಗೆ ವಪೆ, ಅಂದ್ರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು ಇಲ್ಲ, ಸರಿಯಾಗಿ ಕೆಮ್ಮಿ ಕಫ ಹೊರಗೆ ಹಾಕೋಕೆ ಆಗಲ್ಲ, ಒಳಗೇ ಉಳ್ಕೊಂಡು ಜಾಸ್ತಿ ಆಗುತ್ತೆ. ತಾನಾಗೇ ಹೋಗುತ್ತೆ ಅಂತ ಕಾಯ್ಬೇಡಿ. ಒಂದು ಮಾತು, ಪೊರೆ ಬಿಡೋ ಹೊತ್ತಲ್ಲಿ ಮೂಗಿನ ತುದೀಲಿ ಒಣ ಪೊರೆ ಸಿಕ್ಕಿ ಸ್ವಲ್ಪ ಸೀಟಿ ಥರ ಸದ್ದು ಬರೋದುಂಟು, ಪೊರೆ ಬಿಟ್ಮೇಲೆ ನಿಂತ್ಹೋಗುತ್ತೆ. ಅದ್ರಲ್ಲಿ ನೊರೆ ಇರಲ್ಲ.

ಇದಕ್ಕೆ ಮುಖ್ಯ ಕಾರಣ ಏನಿರ್ಬಹುದು? ನಮ್ಮ ಬೆಂಗಳೂರಿನ ಚಳಿ. ಡಿಸೆಂಬರ್ ಜನವರಿ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿಯೋದು ನಿಮಗೂ ಗೊತ್ತು, ನಮಗೆ ಸ್ವೆಟರ್ ಇದೆ, ಪಶ್ಚಿಮ ಆಫ್ರಿಕಾದ ಹಾವಿಗೆ ಏನಿದೆ ಪಾಪ. ಬಾಕ್ಸಿನ ಒಂದು ಕಡೆ 31-32 ಡಿಗ್ರಿ, ಇನ್ನೊಂದು ಕಡೆ 26ರ ಆಸುಪಾಸು, ರಾತ್ರಿ ಎಷ್ಟೇ ಇಳಿದ್ರೂ 24ರ ಕೆಳಗೆ ಹೋಗ್ಬಾರ್ದು. ಗಾಜಿಗೆ ಅಂಟಿಸೋ ಥರ್ಮಾಮೀಟರ್ ನಂಬ್ಬೇಡಿ, ಹಾವು ಮಲಗೋ ಜಾಗದಲ್ಲೇ ಡಿಜಿಟಲ್ ಥರ್ಮಾಮೀಟರಿನ ವೈರ್ ತುದಿ (ಪ್ರೋಬ್) ಇಡಿ. ಹೀಟ್ ಪ್ಯಾಡ್ ಇದ್ರೆ ಬಿಸಿ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲದೇ ಹೋದ್ರೆ ಹೊಟ್ಟೆ ಸುಡುತ್ತೆ, ಹಾವು ಬಿಸಿ ಅಂತ ಎದ್ದು ಹೋಗುತ್ತೆ ಅಂದ್ಕೋಬೇಡಿ, ಎಷ್ಟೋ ಸಲ ಅಲ್ಲೇ ಮಲಗಿ ಸುಟ್ಕೊಳ್ಳುತ್ತೆ.

ಬಿಸಿ ಸರಿ ಮಾಡಿದ್ರೆ ಸೋಂಕು ಹೋಗಲ್ಲ, ಔಷಧ ಬೇಕೇ ಬೇಕು. ನಾಯಿಗೆ ಉಳಿದಿದ್ದ ಆಂಟಿಬಯೋಟಿಕ್ ಕೊಡೋ ಕೆಲಸ ಮಾತ್ರ ಮಾಡ್ಬೇಡಿ, ಡೋಸ್ ತಪ್ಪಿದ್ರೆ ಕಿಡ್ನಿಗೇ ಏಟು. ಹೆಬ್ಬಾಳದ ವೆಟರ್ನರಿ ಕಾಲೇಜಿಗೋ, ಸರೀಸೃಪ ನೋಡೋ ಯಾವ್ದಾದ್ರೂ ಡಾಕ್ಟರಿಗೋ ಮೊದಲೇ ಫೋನ್ ಮಾಡಿ 'ಹಾವು ನೋಡ್ತೀರಾ?' ಅಂತ ಕೇಳಿ, ಎಲ್ಲರೂ ನೋಡಲ್ಲ. ಇನ್ನೊಂದು, ಕ್ಲಿನಿಕ್ಕಲ್ಲಿ ಗುಂಡ ಸುಮ್ಮನೆ ಕೂತ್ರೂ ಕೂತ, ಅದಕ್ಕೇ ರಾತ್ರಿ ಆ ಟಿಕ್ ಟಿಕ್ ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳಿ. ದಿಂಬಿನ ಕವರಲ್ಲಿ ಹಾಕಿ ಬಾಯಿ ಕಟ್ಟಿ, ಅದನ್ನ ಗಾಳಿ ಆಡೋ ಡಬ್ಬಿಯೊಳಗಿಟ್ಟು ತಗೊಂಡ್ಹೋಗಿ, ಕ್ಯಾಬಲ್ಲಿ ಎಸಿ ಆಫ್ ಮಾಡ್ಸಿ.

ಅತ್ತೆಯವರ ಹಾಲು ಬೇಡ. ಹಾವಿಗೆ ಹಾಲು ಅರಗಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಎರೀಲಿ, ಗುಂಡನ ಬಾಯಿಗಲ್ಲ.

ಕೇಸಿನ ಭಯದ ಬಗ್ಗೆ: ಬಾಲ್ ಪೈಥಾನ್ ಸೈಟಿಸ್ (ಕಾಡುಪ್ರಾಣಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಪ್ರಾಣಿ, 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸ್ಬೇಕಿತ್ತು, ಆರು ತಿಂಗಳ ಗಡುವು ಮುಗಿದಾಯ್ತು. ಮುಚ್ಚಿಟ್ಕೊಂಡಷ್ಟೂ ಕಷ್ಟ ಹೆಚ್ಚು, ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ ಏನ್ ಮಾಡ್ಬೇಕು ಅಂತ ಕೇಳಿ. ಆದ್ರೆ ಅದು ಮುಗಿಯೋವರೆಗೂ ಗುಂಡನ ಉಸಿರು ಕಾಯಲ್ಲ, ಆಸ್ಪತ್ರೆ ಮೊದಲು.

ಪ್ರಶ್ನೆ: ನನ್ನ ಕಾರ್ನ್ ಸ್ನೇಕ್ ದಿನವಿಡೀ ನೀರಿನ ಬಟ್ಟಲಲ್ಲೇ ಬಿದ್ದಿರುತ್ತೆ. ನೀರಲ್ಲಿ ಕರಿಮೆಣಸಿನ ಪುಡಿ ಥರ ಏನೋ ತೇಲುತ್ತೆ. ಸೆಕೆಗೆ ಹಿಂಗಾ?
— ಹೆಚ್ಚೆಸ್ಸಾರ್ ಲೇಔಟ್

ಉತ್ತರ: ಸೆಕೆ ಅಲ್ಲ, ಉಣ್ಣಿಯಂಥ ಸಣ್ಣ ಹುಳ, ಮೈಟ್ ಅಂತಾರೆ, ರಕ್ತ ಹೀರುತ್ವೆ. ಕಣ್ಣಿನ ಸುತ್ತ, ಗದ್ದದ ಕೆಳಗಿನ ಗೆರೇಲಿ ಟಾರ್ಚ್ ಬಿಟ್ಟು ನೋಡಿ. ಬಿಳೀ ಟಿಷ್ಯೂ ಮೇಲೆ ಹಾವನ್ನ ಹರಿಸಿದ್ರೆ ಕಪ್ಪು ಚುಕ್ಕೆ ಓಡಾಡೋದು ಕಾಣುತ್ತೆ. ಬಾಕ್ಸಲ್ಲಿರೋ ತೆಂಗಿನ ನಾರು, ಮರದ ತುಂಡು ಎಲ್ಲ ಕಟ್ಟಿ ಬಿಸಾಕಿ, ಬಾಕ್ಸ್ ಮೂಲೆ ಮೂಲೆ ಬಿಸಿನೀರಲ್ಲಿ ಉಜ್ಜಿ, ಸದ್ಯಕ್ಕೆ ಪೇಪರ್ ಹಾಸಿ ದಿನಾ ಬದಲಾಯಿಸಿ. ಸೀಮೆಎಣ್ಣೆ, ನುಸಿ ಗುಳಿಗೆ, ನಾಯಿಯ ಉಣ್ಣಿ ಸ್ಪ್ರೇ ಇವ್ಯಾವೂ ಹಾವಿನ ಹತ್ರಕ್ಕೂ ತರ್ಬೇಡಿ, ಹುಳಕ್ಕಿಂತ ಮೊದಲು ಹಾವೇ ಹೋಗುತ್ತೆ, ಔಷಧ ಡಾಕ್ಟರೇ ಕೊಡ್ಲಿ. ಮೊಟ್ಟೆ ಒಡೆದು ಮತ್ತೆ ಬರುತ್ವೆ, ಒಂದು ಸಲ ತೊಳೆದು ಮುಗೀತು ಅನ್ಕೊಂಡೋರೆಲ್ಲ ಮುಂದಿನ ತಿಂಗಳು ನನಗೆ ಇದೇ ಪತ್ರ ಮತ್ತೆ ಬರೀತಾರೆ. ಹೊಸ ಹಾವು ತಂದಿದ್ರಾ ಇತ್ತೀಚೆಗೆ? ತಂದಿದ್ರೆ ಅದನ್ನ ಈಗ್ಲೇ ಬೇರೆ ರೂಮಿಗೆ ಹಾಕಿ.