ಗೊರಕೆ ನಿಂತಿತು ಸರಿ, ಉಸಿರು?

ಹೋದ ತಿಂಗಳು ಇದೇ ಅಂಕಣದಲ್ಲಿ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಇದಕ್ಕೆ ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಲಗುವ ಸಿಪ್ಯಾಪ್ ಮೆಷಿನ್ ಬದಲು ಬೇರೆ ಏನಾದರೂ ಇದೆಯಾ? ತುಪ್ಪ, ಕಷಾಯ, ಪ್ರಾಣಾಯಾಮ, ಶಂಖ, ಬಾಯಿಗೆ ಟೇಪು, ಎಲ್ಲ ಕೇಳಿದ್ದಾರೆ. ನಾನು ಹಾಸನದಲ್ಲಿ ಡಾಕ್ಟರು. ಆರು ವರ್ಷದಿಂದ ಇದೇ ಕಾಯಿಲೆಯ ಪೇಷಂಟೂ ಹೌದು. ಹಾಗಾಗಿ ಉಪದೇಶ ಸ್ವಲ್ಪ ಕಡಿಮೆ ಇರುತ್ತದೆ ಅಂದುಕೊಂಡಿದ್ದೇನೆ. ಒಂದೊಂದು ಪತ್ರ, ಅದರ ಕೆಳಗೆ ನನ್ನ ಉತ್ತರ.

ನಮ್ಮ ಯಜಮಾನರಿಗೆ 46 ವರ್ಷ. ಪಿಕಪ್ ಗಾಡಿಯಲ್ಲಿ ಹಾಸನದಿಂದ ಮಂಗಳೂರಿಗೆ ಶುಂಠಿ, ತರಕಾರಿ ಹೊಡೆಯುತ್ತಾರೆ. ಗೊರಕೆ ಮೊದಲಿಂದಲೂ ಇತ್ತು. ಒಂದು ವರ್ಷದಿಂದ ಗೊರಕೆ ಮಧ್ಯೆ ಸದ್ದೇ ನಿಂತು ಹೋಗುತ್ತದೆ, ಆಮೇಲೆ ಗಕ್ಕನೆ ಉಸಿರೆಳೆದು ಎದ್ದು ಕೂರುತ್ತಾರೆ. ಟೆಸ್ಟ್ ಮಾಡಿಸಿದೆವು, 38 ಅಂತ ಬಂತು. ಸಿಪ್ಯಾಪ್ ಮೆಷಿನ್ ಬೇಕು, 45 ಸಾವಿರ ಅಂದರು. ನಮ್ಮ ಭಾವ ಅದೆಲ್ಲ ಬೇಡ, ಮೂಗಿಗೆ ತುಪ್ಪ ಬಿಟ್ಟು ಶುಂಠಿ ಕಷಾಯ ಕುಡಿ ಅಂದರು. ಮೂರು ವಾರ ಆಯಿತು, ಗೊರಕೆ ಕಡಿಮೆ ಆದ ಹಾಗಿದೆ. ನಾನು ಈಗ ಮಕ್ಕಳ ಜೊತೆ ಮನೆಯ ಹಾಲ್‌ನಲ್ಲಿ ಮಲಗುತ್ತೇನೆ. ಇದನ್ನೇ ಮುಂದುವರಿಸಬಹುದಾ? (ಹೆಸರು ಬೇಡ, ಸಕಲೇಶಪುರ)

ನೋಡಮ್ಮ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ತುಪ್ಪ ಅಲ್ಲ, ನೀವು ಮಲಗುವ ಹಾಲ್. ನೀವು ಹಾಲ್‌ಗೆ ಹೋಗಿ ಮಲಗಿದ ಮೇಲೆ ಗೊರಕೆ ಕಡಿಮೆ ಆಯಿತಾ, ಅಥವಾ ನಿಮ್ಮ ಕಿವಿಗೆ ಬೀಳುವುದು ಕಡಿಮೆ ಆಯಿತಾ? ಒಂದು ರಾತ್ರಿ ಅವರ ಪಕ್ಕ ಎಚ್ಚರವಾಗಿ ಕೂತು ನೋಡಿ. ಮೊಬೈಲಿನಲ್ಲಿ ಅರ್ಧ ಗಂಟೆ ವಿಡಿಯೊ ಮಾಡಿ.

38 ಅಂದರೆ ಗಂಟೆಗೆ 38 ಸಲ ಉಸಿರು ಪೂರ್ತಿ ನಿಂತಿದೆ, ಇಲ್ಲವೇ ತೀರಾ ಕಡಿಮೆಯಾಗಿದೆ. ಒಂದೊಂದು ಸಲವೂ ಕಡಿಮೆ ಅಂದರೆ 10 ಸೆಕೆಂಡು. ಏಳು ಗಂಟೆ ನಿದ್ದೆಗೆ ಲೆಕ್ಕ ಹಾಕಿ, 266 ಸಲ ಆಗುತ್ತದೆ. ಹೆಚ್ಚುಕಡಿಮೆ ಅಷ್ಟು ಸಲ ಮೆದುಳು ಅವರನ್ನು ಅಲ್ಲಾಡಿಸಿ ಎಬ್ಬಿಸುತ್ತಿದೆ, ಅವರಿಗೆ ಗೊತ್ತೇ ಆಗುವುದಿಲ್ಲ. 5ರಿಂದ 15 ಇದ್ದರೆ ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ಜೋರು ಅಂತ ಲೆಕ್ಕ. ನಿಮ್ಮವರದು ಜೋರಿನ ಸಾಲಿಗೆ ಬರುತ್ತದೆ.

ತುಪ್ಪ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಹೇಳುತ್ತೇನೆ. ಒಣಗಿದ ಮೂಗಿಗೆ ಹಿತ ಕೊಡುತ್ತದೆ. ಮೂಗಿನ ಸದ್ದು ಇಳಿಯಲೂಬಹುದು. ಆದರೆ ಉಸಿರು ಕಟ್ಟುವುದು ಮೂಗಿನಲ್ಲಿ ಅಲ್ಲ, ನಾಲಿಗೆಯ ಹಿಂದೆ, ಗಂಟಲಿನಲ್ಲಿ. ತೋಟಕ್ಕೆ ನೀರು ಹಾಯಿಸುವ ಮೆತ್ತನೆ ಪೈಪು ನೋಡಿದ್ದೀರಲ್ವಾ, ಮೋಟರ್ ಓಡುವಾಗ ದುಂಡಗೆ ಉಬ್ಬಿಕೊಂಡಿರುತ್ತದೆ, ನಿಲ್ಲಿಸಿದ ಕೂಡಲೇ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನಿದ್ದೆ ಬಂದು ಸ್ನಾಯು ಸಡಿಲವಾದಾಗ ಗಂಟಲೂ ಹಾಗೇ ಅಂಟಿಕೊಳ್ಳುತ್ತದೆ. ಸಿಪ್ಯಾಪ್ ಮಾಡುವುದು ಇಷ್ಟೇ, ಹಗುರವಾಗಿ ಗಾಳಿ ಊದಿ ಆ ಪೈಪು ಉಬ್ಬಿಕೊಂಡೇ ಇರುವ ಹಾಗೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನುವ ಡಾಕ್ಟರು 1981ರಲ್ಲಿ ಇದನ್ನು ತೋರಿಸಿಕೊಟ್ಟರು. ಅದರಲ್ಲಿ ಔಷಧಿ ಇಲ್ಲ, ಆಕ್ಸಿಜನ್ ಸಿಲಿಂಡರೂ ಇಲ್ಲ, ಬರೀ ರೂಮಿನ ಗಾಳಿ.

ಕಷಾಯ ಕುಡಿಯಲಿ, ನನಗೇನೂ ಜಗಳವಿಲ್ಲ. ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಇಲ್ಲೇ ಹಾಸನದ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ, ಓದಿದವರ ಹತ್ತಿರ ಹೋಗಿ ಸರಿಯಾಗಿ ನಸ್ಯ, ಅಂದರೆ ಮೂಗಿಗೆ ಔಷಧಿ ಬಿಡುವ ಚಿಕಿತ್ಸೆ, ಮಾಡಿಸಿಕೊಳ್ಳಲಿ. ಭಾವ ಹೇಳಿದರು ಅಂತ ಮಲಗಿಕೊಂಡು ಚಮಚಗಟ್ಟಲೆ ತುಪ್ಪ ಬಿಟ್ಟುಕೊಳ್ಳುವುದು ಬೇಡ. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಅದೇ ಬೇರೆ ನ್ಯುಮೋನಿಯಾ. ಏನೇ ಮಾಡಿದರೂ ಮೆಷಿನ್ ಜೊತೆಗೆ ಮಾಡಿ, ಮೆಷಿನ್ ಬದಲಿಗಲ್ಲ. ಮೂರು ತಿಂಗಳ ಮೇಲೂ ಭಾವನ ಮದ್ದೇ ಸಾಕು ಅನಿಸಿದರೆ, ಮೆಷಿನ್ ಇಲ್ಲದೆ ಒಂದು ರಾತ್ರಿ ಮತ್ತೆ ಅದೇ ಟೆಸ್ಟ್ ಮಾಡಿಸಿ. 38 ಅನ್ನುವುದು 4ಕ್ಕೆ ಇಳಿದಿದ್ದರೆ ನಾನೇ ಭಾವನಿಗೆ ಹಾರ ಹಾಕುತ್ತೇನೆ. ಇಳಿಯದೆ ಬರೀ ಸದ್ದು ಇಳಿದಿದ್ದರೆ ಅದು ಇನ್ನೂ ಕಷ್ಟ, ಯಾಕೆಂದರೆ ಗೊರಕೆ ಒಂದೇ ನಿಮಗೆ ಎಚ್ಚರಿಕೆ ಕೊಡುತ್ತಿತ್ತು, ಅದನ್ನೂ ಮುಚ್ಚಿಸಿದ ಹಾಗಾಯಿತು.

45 ಸಾವಿರ ಒಟ್ಟಿಗೆ ಕೊಡುವುದು ಕಷ್ಟ, ಗೊತ್ತು. ಒಂದು ತಿಂಗಳು ಬಾಡಿಗೆಗೆ ಕೊಡುತ್ತೀರಾ ಅಂತ ಕೇಳಿ, ಕೊಡುವವರಿದ್ದಾರೆ. ಹೊಂದಿಕೊಳ್ಳುತ್ತಾ ನೋಡಿ ಆಮೇಲೆ ಕೊಳ್ಳಿ. ಮಾಸ್ಕ್ ಮಾತ್ರ ಮುಖಕ್ಕೆ ಹಾಕಿಸಿ, ಮಲಗಿಸಿ ನೋಡಿಯೇ ತೆಗೆದುಕೊಳ್ಳಿ. ನನಗೆ ಮೊದಲ ಸಲ ಅಂಗಡಿಯವರು ಒಂದು ಸೈಜ್ ದೊಡ್ಡದು ಕೊಟ್ಟು ಕಳಿಸಿದ್ದರು. ರಾತ್ರಿಯೆಲ್ಲ ಮೂಗಿನ ಪಕ್ಕದಿಂದ ಗಾಳಿ ಸೋರಿ ಕುಕ್ಕರ್ ಥರ ಶಿಳ್ಳೆ, ಬೆಳಿಗ್ಗೆ ಎರಡೂ ಕಣ್ಣು ಕೆಂಪು. ಡಾಕ್ಟರಾಗಿಯೂ ನಾನು ಹತ್ತು ದಿನ ಮೆಷಿನ್ ಅನ್ನು ಬೀರುವಿನ ಮೇಲೆ ಇಟ್ಟುಬಿಟ್ಟಿದ್ದೆ. ಸೈಜ್ ಬದಲಾಯಿಸಿದ ಮೇಲೆ ಸರಿಹೋಯಿತು.

ಇನ್ನೊಂದು ಮಾತು, ಇದು ಯಜಮಾನರಿಗೆ ಓದಿ ಹೇಳಿ. ಚಿಕಿತ್ಸೆ ಶುರುವಾಗಿ ಹಗಲಿನ ತೂಕಡಿಕೆ ಹೋಗುವ ತನಕ ಶಿರಾಡಿ ಘಾಟಿಯಲ್ಲಿ ಸ್ಟೀರಿಂಗ್ ಹಿಡಿಯುವುದು ಬೇಡ. ಮಾರನಹಳ್ಳಿ ದಾಟಿದ ಮೇಲೆ ಗುಂಡ್ಯ ತನಕ ಆ ತಿರುವುಗಳಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೂ ಗಾಡಿ ಎಲ್ಲಿರುತ್ತದೆ ಅಂತ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ಬಾಡಿಗೆ ತಪ್ಪುತ್ತದೆ ಅಂತಾರೆ. ಸ್ವಲ್ಪ ದಿನ ಇನ್ನೊಬ್ಬ ಡ್ರೈವರನ್ನು ಹಾಕಿಕೊಳ್ಳಲಿ. ಮಲಗುವ ಮುಂಚೆ ಡ್ರಿಂಕ್ಸ್ ಅಭ್ಯಾಸ ಇದ್ದರೆ ಅದೂ ಬೇಡ, ಗಂಟಲು ಇನ್ನಷ್ಟು ಸಡಿಲವಾಗುತ್ತದೆ.

ನಾನು ನಿವೃತ್ತ ಶಿಕ್ಷಕ. ಎರಡು ವರ್ಷದಿಂದ ಸಿಪ್ಯಾಪ್ ಬಳಸುತ್ತಿದ್ದೇನೆ. ಟೆಸ್ಟಿನಲ್ಲಿ 22 ಬಂದಿತ್ತು. ಶಂಖ ಊದಿದರೆ ಸ್ಲೀಪ್ ಅಪ್ನಿಯಾ ವಾಸಿಯಾಗುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರಂತೆ. ವಾಟ್ಸಾಪಿನಲ್ಲಿ ಬಂತು. ಮನೆಯಲ್ಲಿ ತಾತನ ಕಾಲದ ಶಂಖ ಇದೆ. ಮೆಷಿನ್ ಬಿಡಬಹುದೇ? (ಓದುಗರು, ಅರಸೀಕೆರೆ)

ಮೇಷ್ಟ್ರೇ, ವಾಟ್ಸಾಪಿನಲ್ಲಿ ಬಂದಿದ್ದು ಈ ಸಲ ಪೂರ್ತಿ ಸುಳ್ಳಲ್ಲ, ನನಗೇ ಆಶ್ಚರ್ಯ. ಜೈಪುರದ ಡಾಕ್ಟರುಗಳು ಈ ಅಧ್ಯಯನ ಮಾಡಿದ್ದು, 2025ರಲ್ಲಿ ಪ್ರಕಟವಾಯಿತು. 30 ಜನರನ್ನು ತೆಗೆದುಕೊಂಡು ಕೆಲವರಿಗೆ ಶಂಖ ಊದಲು, ಉಳಿದವರಿಗೆ ದೀರ್ಘ ಉಸಿರಾಟ ಮಾಡಲು ಹೇಳಿದರು. ವಾರಕ್ಕೆ 5 ದಿನ, ದಿನಕ್ಕೆ 15 ನಿಮಿಷ, 6 ತಿಂಗಳು. ಶಂಖ ಊದಿದವರಿಗೆ ಗಂಟೆಗೆ 4ರಿಂದ 5 ಸಲ ಉಸಿರು ನಿಲ್ಲುವುದು ಕಡಿಮೆಯಾಯಿತು, ಹಗಲಿನ ತೂಕಡಿಕೆಯೂ ಇಳಿಯಿತು. ಇದಕ್ಕೂ ಮುಂಚೆ 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಮೇಲೆ ಇಂಥದ್ದೇ ಒಂದು ಅಧ್ಯಯನ ನಡೆದಿತ್ತು. ಅಲ್ಲಿ ಊದಿದ್ದು ಡಿಜೆರಿಡೂ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆ ಮರದ ಕೊಳವೆ, ನಮ್ಮ ಕಹಳೆಯ ದೂರದ ನೆಂಟ ಅನ್ನಿ. ಅದಕ್ಕೆ 2017ರಲ್ಲಿ ಇಗ್ನೊಬೆಲ್ ಅಂತ ತಮಾಷೆಯ ಬಹುಮಾನವೂ ಬಂತು. ತಮಾಷೆ ಇರಲಿ, ವಿಷಯ ನಿಜ. ಗಂಟಲು, ನಾಲಿಗೆ ಸ್ನಾಯುಗಳಿಗೆ ದಿನಾ ಕಸರತ್ತು ಮಾಡಿಸಿದರೆ ಅವು ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ. ಶ್ರಾವಣ ಶನಿವಾರ ಶಂಖ ಊದಿಕೊಂಡು ಮನೆ ಬಾಗಿಲಿಗೆ ಬರುವ ದಾಸಯ್ಯನವರ ನಿದ್ದೆ ಹೇಗಿದೆ ಅಂತ ಯಾರಾದರೂ ಪರೀಕ್ಷೆ ಮಾಡಬೇಕಿತ್ತು.

ಆದರೆ ನೀವು ಲೆಕ್ಕದ ಮೇಷ್ಟ್ರೋ ಕನ್ನಡದ ಮೇಷ್ಟ್ರೋ ಗೊತ್ತಿಲ್ಲ, 22ರಲ್ಲಿ 5 ಕಳೆಯಿರಿ. 17 ಉಳಿಯಿತು. ಆರು ತಿಂಗಳು ಊದಿದ ಮೇಲೂ ನೀವು ಮಧ್ಯಮದ ಸಾಲಿನಲ್ಲೇ ಇದ್ದೀರಿ. ಮೆಷಿನ್ ಸರಿಯಾಗಿ ಹಾಕಿಕೊಂಡರೆ ಆ ಸಂಖ್ಯೆ ಸಾಮಾನ್ಯವಾಗಿ 5ರ ಕೆಳಗೆ ಇರುತ್ತದೆ, ಬೆಳಿಗ್ಗೆ ಮೆಷಿನ್ ಪರದೆ ಮೇಲೇ ತೋರಿಸುತ್ತದೆ. ನೀವು ನೋಡೇ ಇರುತ್ತೀರಿ. ಅಷ್ಟಕ್ಕೂ 30 ಜನರ ಅಧ್ಯಯನ ಅಂದರೆ ಒಂದು ಕ್ಲಾಸ್‌ರೂಮು. ಇನ್ನೂ ದೊಡ್ಡದಾಗಿ ಆಗಬೇಕು.

ಹಾಗಾಗಿ ಸಂಜೆ ಶಂಖ, ರಾತ್ರಿ ಮೆಷಿನ್. ಬಿಪಿ ಜಾಸ್ತಿ ಇದ್ದರೆ, ಹರ್ನಿಯಾ ಇದ್ದರೆ, ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಊದುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರನ್ನೂ ಕೇಳಿ.

ಮೂಡಿಗೆರೆ ಹತ್ತಿರ ತೋಟ. ಮಳೆಗಾಲದಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಮೆಷಿನ್ ಸುಮ್ನೆ ಕೂತಿರುತ್ತದೆ. ಮಾಸ್ಕಿಗೆ ಬೂಸ್ಟು ಬೇರೆ ಹಿಡಿಯುತ್ತದೆ. ಬೆಳಿಗ್ಗೆ ಬಾಯಿ ಒಣಗಿರುತ್ತದೆ ಅಂದಿದ್ದಕ್ಕೆ ನನ್ನ ಮಗ ಬಾಯಿಗೆ ಟೇಪ್ ಹಾಕಿಕೊಳ್ಳಿ ಅಂತ ಇನ್‌ಸ್ಟಾಗ್ರಾಮಿನಲ್ಲಿ ತೋರಿಸಿದ. (ಬೆಳೆಗಾರರು)

ಟೇಪ್ ಬೇಡ ಸಾರ್. ಈಗಾಗಲೇ ಉಸಿರು ನಿಲ್ಲುವ ಮನುಷ್ಯನಿಗೆ ಉಳಿದಿರುವ ಇನ್ನೊಂದು ಬಾಗಿಲೂ ಮುಚ್ಚಿದ ಹಾಗೆ ಅದು. ಮಳೆಗಾಲದ ಶೀತಕ್ಕೆ ಮೂಗು ಕಟ್ಟಿದ ರಾತ್ರಿ ಏನು ಗತಿ? ಬಾಯಿ ಒಣಗುವುದು ಗಾಳಿ ಬಾಯಿಂದ ಸೋರುತ್ತಿದೆ ಅನ್ನುವ ಸೂಚನೆ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಸಿಗುತ್ತದೆ. ಗಲ್ಲಕ್ಕೆ ಕಟ್ಟುವ ಪಟ್ಟಿಯೂ ಇದೆ. ಮೂಗು ಯಾವಾಗಲೂ ಕಟ್ಟಿರುತ್ತದೆ ಅಂದರೆ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಕರೆಂಟಿನ ವಿಷಯಕ್ಕೆ ಮನೆಯ ಇನ್ವರ್ಟರ್ ಸಾಕು. ಮೆಷಿನ್‌ನಲ್ಲಿ ನೀರು ಬಿಸಿ ಮಾಡುವ ಭಾಗ ಇದೆಯಲ್ಲ, ಹ್ಯುಮಿಡಿಫೈಯರ್, ಕರೆಂಟ್ ತಿನ್ನುವುದು ಅದೇ. ಅದನ್ನು ಆಫ್ ಮಾಡಿದರೆ ಉಳಿದದ್ದು 60 ವ್ಯಾಟ್ ಬಲ್ಬಿಗಿಂತ ಕಡಿಮೆ ಎಳೆಯುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನ ಗಾಳಿಗೆ ಇನ್ನಷ್ಟು ತೇವ ಸೇರಿಸುವ ಅಗತ್ಯವೂ ಬಹಳ ಜನಕ್ಕೆ ಇರುವುದಿಲ್ಲ. ಟಿವಿ, ಫ್ರಿಜ್ ಇನ್ವರ್ಟರಿಗೆ ಕೊಡದೆ ಮೆಷಿನ್‌ಗೆ ಮಾತ್ರ ಇಟ್ಟುಕೊಳ್ಳಿ. ಅದೂ ಖಾಲಿಯಾದ ರಾತ್ರಿ ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ, ತಲೆ ಕಡೆ ಎತ್ತರ ಮಾಡಿಕೊಳ್ಳಿ. ಹಳೇ ಬನಿಯನ್ ಬೆನ್ನಿಗೆ ಜೇಬು ಹೊಲಿಸಿ ಒಂದು ಟೆನಿಸ್ ಬಾಲ್ ಹಾಕಿಕೊಂಡರೆ ಅಂಗಾತ ತಿರುಗಿದಾಗ ಚುಚ್ಚಿ ಎಬ್ಬಿಸುತ್ತದೆ. ಇದು ನಗೆಪಾಟಲಿನ ಉಪಾಯ ಅಲ್ಲ, ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವ ಜನರಿಗೆ ಇದರಿಂದ ನಿಜವಾಗಿ ಉಪಯೋಗವಿದೆ.

ಬೂಸ್ಟಿಗೆ ಒಂದೇ ಮದ್ದು, ಒಣಗಿಸುವುದು. ಮಾಸ್ಕ್ ದಿನಾ, ಟ್ಯೂಬ್ ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು, ನೀರು ಬಸಿಯುವ ಹಾಗೆ ಫ್ಯಾನಿನ ಕೆಳಗೆ ನೇತು ಹಾಕಿ. ಬಚ್ಚಲು ಒಲೆ ಪಕ್ಕ ಒಣಗಿಸುವವರಿದ್ದಾರೆ. ಬೇಡ, ರಾತ್ರಿಯೆಲ್ಲ ಹೊಗೆ ವಾಸನೆ ಕುಡಿಯಬೇಕಾಗುತ್ತದೆ. ಹ್ಯುಮಿಡಿಫೈಯರ್ ಡಬ್ಬಿಯಲ್ಲಿ ಉಳಿದ ನೀರು ಬೆಳಿಗ್ಗೆ ಚೆಲ್ಲಿಬಿಡಿ.

ನನಗೆ 53 ವರ್ಷ, ತೂಕ ಬರೀ 54 ಕೆಜಿ. ಗೊರಕೆ ಹೊಡೆಯುತ್ತೇನೆ, ಎಷ್ಟು ಮಲಗಿದರೂ ಸುಸ್ತು. ದಪ್ಪ ಇರುವ ಗಂಡಸರಿಗೆ ಮಾತ್ರ ಈ ಕಾಯಿಲೆ ಅಲ್ವಾ? ನಿದ್ದೆಗೆ ಅಶ್ವಗಂಧ ತೆಗೆದುಕೊಳ್ಳುತ್ತಿದ್ದೇನೆ. (ಗೃಹಿಣಿ, ಚನ್ನರಾಯಪಟ್ಟಣ)

ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಜಾಸ್ತಿಯಾಗುತ್ತದೆ. ದವಡೆ ಚಿಕ್ಕದಿದ್ದರೆ ತೆಳ್ಳಗಿರುವವರಿಗೂ ಬರುತ್ತದೆ. ನಿಮಗೆ ನಿದ್ದೆ ಬರುತ್ತಿಲ್ಲ ಅಂತಲ್ಲ, ಬಂದ ನಿದ್ದೆ ಒಡೆದು ಹೋಗುತ್ತಿರಬಹುದು. ಅಶ್ವಗಂಧ ಗಂಟಲನ್ನು ತೆರೆದಿಡುವುದಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ನೋಡಿಸಿ, ಜೊತೆಗೆ ನಿದ್ದೆಯ ಟೆಸ್ಟ್ ಮಾಡಿಸಿ. ಬೆರಳಿಗೆ, ಮೂಗಿಗೆ, ಎದೆಗೆ ಕಟ್ಟಿಕೊಂಡು ಮನೆಯಲ್ಲೇ ಮಲಗುವ ಪುಟ್ಟ ಮೆಷಿನ್ ಬಂದಿದೆ. ಸಣ್ಣ ಪ್ರಮಾಣದ್ದು ಅಂತ ಬಂದರೆ ಹಲ್ಲಿನ ಡಾಕ್ಟರು ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಕ್ಲಿಪ್ಪಿನಂಥದ್ದು ಮಾಡಿಕೊಡುತ್ತಾರೆ. ನಿಮ್ಮಂಥವರಿಗೆ ಅದೇ ಸಾಕಾಗಬಹುದು.

ನನ್ನ ತೂಕ 104 ಕೆಜಿ. ದಿನಾ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತೇನೆ. ತೂಕ ಇಳಿಸಿದರೆ ಮೆಷಿನ್ ಬೇಡವಂತೆ, ಹೌದಾ? ಈಗ ಇಂಜೆಕ್ಷನ್ ಬಂದಿದೆಯಂತೆ. (ಹಾಸನ)

ಇದು ಪರ್ಯಾಯ ಅನ್ನುವ ಹೆಸರಿಗೆ ತಕ್ಕದ್ದು. ತೂಕ 10 ಪರ್ಸೆಂಟ್ ಇಳಿದರೆ ಉಸಿರು ನಿಲ್ಲುವ ಸಂಖ್ಯೆ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ನಿಮಗೆ 10 ಕೆಜಿ. ಇಂಜೆಕ್ಷನ್ ಹೆಸರು ಟಿರ್ಜೆಪಟೈಡ್. ದಪ್ಪ ಇದ್ದು ಅಪ್ನಿಯಾ ಮಧ್ಯಮ ಅಥವಾ ಜೋರಾಗಿರುವವರಿಗೆ ಕೊಡಬಹುದು ಅಂತ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಭಾರತಕ್ಕೆ 2025ರಲ್ಲಿ ಸಕ್ಕರೆ ಕಾಯಿಲೆಗೆ, ತೂಕಕ್ಕೆ ಅಂತ ಬಂದಿದೆ. ದುಬಾರಿ, ಡಾಕ್ಟರ ಉಸ್ತುವಾರಿ ಬೇಕು. ತೂಕ ಇಳಿಯಲು ತಿಂಗಳುಗಟ್ಟಲೆ ಬೇಕಲ್ವಾ, ಅಲ್ಲಿತನಕ ರಾತ್ರಿ ಉಸಿರಾಡಬೇಕಲ್ಲ. ಮೆಷಿನ್ ಹಾಕಿಕೊಂಡೇ ಇಳಿಸಿ. ಇಳಿದ ಮೇಲೆ ಮತ್ತೆ ಟೆಸ್ಟ್. ಪಾರ್ಕ್ ವಾಕಿಂಗ್ ಮುಗಿಸಿ ಮಸಾಲೆ ದೋಸೆಗೆ ಹೋಗುವವರ ಗುಂಪು ಒಂದು ಇದೆ, ಅವರಲ್ಲಿ ನಾನೂ ಇದ್ದೆ, ಅದಕ್ಕೆ ಹೇಳಿದೆ.

ಮದುವೆ, ಗೃಹಪ್ರವೇಶ ಅಂತ ಹೋದಾಗ ಛತ್ರದಲ್ಲಿ ಹತ್ತು ಜನರ ಮಧ್ಯೆ ಈ ಸೊಂಡಿಲು ಕಟ್ಟಿಕೊಂಡು ಮಲಗಲು ನಾಚಿಕೆ. ಒಂದೆರಡು ರಾತ್ರಿ ಬಿಟ್ಟರೆ ಪರವಾಗಿಲ್ವಾ? (ಕಡೂರು)

ಒಂದು ರಾತ್ರಿ ಬಿಟ್ಟರೂ ಆ ರಾತ್ರಿ ಕಾಯಿಲೆ ವಾಪಸ್ ಬರುತ್ತದೆ, ಮಾರನೇ ದಿನ ಧಾರೆ ಹೊತ್ತಿಗೆ ನೀವು ಕುರ್ಚಿಯಲ್ಲೇ ತೂಕಡಿಸುತ್ತೀರಿ. ಹೋದ ವರ್ಷ ಬೇಲೂರಿನ ಒಂದು ಮದುವೆಯಲ್ಲಿ ನಾನು ಸೊಂಡಿಲು ಕಟ್ಟಿಕೊಂಡೇ ಮಲಗಿದ್ದೆ. ಮಕ್ಕಳು ಬಂದು ಸುತ್ತ ನಿಂತು ನೋಡಿದವು, ಐದು ನಿಮಿಷಕ್ಕೆ ಬೇಜಾರಾಗಿ ಹೋದವು. ಬೆಳಿಗ್ಗೆ ಎದ್ದಾಗ ಹುಡುಗನ ಕಡೆಯ ಇಬ್ಬರು ಹಿರಿಯರು, ಅದರ ಬೆಲೆ ಎಷ್ಟು ಸಾರ್, ನಮಗೂ ಗೊರಕೆ ಇದೆ ಅಂತ ಕಾಫಿ ಲೋಟ ಹಿಡಿದುಕೊಂಡು ಕಾಯುತ್ತಿದ್ದರು. ನಿಜವಾದ ತೊಂದರೆ ಪ್ಲಗ್ ಪಾಯಿಂಟಿನದು. ಛತ್ರದ ರೂಮಿನಲ್ಲಿ ಇರುವುದು ಒಂದೇ, ಅದಕ್ಕೂ ಮೊಬೈಲ್ ಚಾರ್ಜರುಗಳ ಸಾಲು. ಉದ್ದ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಿರಿ, ಜೊತೆಗೆ ಇದನ್ನು ಕೀಳಬೇಡಿ ಅಂತ ಒಂದು ಚೀಟಿ ಬರೆದು ಅಂಟಿಸಿ.